ಹಾರ್ಪ್ಸಿಕಾರ್ಡ್ ಮೇಲೆ ಅಕ್ಷತೆ

ಅಕ್ಕಿಗೆ ಚಿಟಿಕೆ ಅರಿಶಿನ ಹಾಕಿ, ಎರಡು ಹನಿ ತುಪ್ಪ ಬಿಟ್ಟು ಬೆರಳ ತುದಿಯಲ್ಲಿ ತಿಕ್ಕಿದರೆ ಒಂದು ವಾಸನೆ ಏಳುತ್ತದೆ. ಮದುವೆ ಮನೆಯ ವಾಸನೆ. ಯಾರಿಗಾದರೂ ಖುಷಿಯಾಗಬೇಕು. ಹೋದ ಶುಕ್ರವಾರ ಕುವೈತ್‌ನ ಎಗೈಲಾದ ನಮ್ಮ ಫ್ಲಾಟಿನಲ್ಲಿ, ಕೆಳಗಿನ ಮನೆಯ ಹುಡುಗಿಯ ಸೀಮಂತಕ್ಕೆಂದು ಅಕ್ಷತೆ ಕಲಸುತ್ತ ಕೂತಿದ್ದೆ. ಕೈ ಅಲ್ಲೇ ನಿಂತುಬಿಟ್ಟಿತು. ಮಗಳು ಫೋನಿನಿಂದ ತಲೆ ಎತ್ತಿ "ಅಮ್ಮಾ, ಆರ್ ಯು ಓಕೆ?" ಅಂದಳು. ಏನಿಲ್ಲ, ತುಪ್ಪ ಹೆಚ್ಚಾಯಿತು ಅಂದೆ. ಈ ವಾಸನೆಗೆ ನನಗೆ ನಾಚಿಕೆಯಾಗುತ್ತದೆ ಅಂತ ಅವಳಿಗೆ ಹೇಗೆ ಹೇಳಲಿ... ಹೇಳಿದರೂ ನಗುತ್ತಾಳೆ.

ಹದಿನೈದು ಹದಿನೆಂಟು ವರ್ಷದ ಹಿಂದಿನ ಮಾತು. ಆಗ ನಾವು ಕುವೈತ್‌ನದೇ ಇನ್ನೊಂದು ಬಡಾವಣೆ, ಬ್ನೇದ್ ಅಲ್ ಗಾರ್‌ನಲ್ಲಿದ್ದೆವು. ನಮ್ಮ ಎದುರು ಬಾಗಿಲಿನ ಮನೆ ಟೀಚರದು. ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಒಂದು ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು, ಒಬ್ಬರೇ ಇದ್ದರು. ಅರವತ್ತರ ಹತ್ತಿರ ವಯಸ್ಸು, ಗಿಡ್ಡ ಕೂದಲು, ಬೆರಳು ಮಾತ್ರ ಉದ್ದೋ ಉದ್ದ. ನಾನು, ನನ್ನ ಗಂಡ, ವಾಚ್‌ಮನ್ ಎಲ್ಲರೂ ಅವರನ್ನು ಟೀಚರ್ ಅಂತಲೇ ಕರೆಯುತ್ತಿದ್ದೆವು. ನಾವು ವಿಜಯಪುರದವರು. ನಮ್ಮ ಕನ್ನಡ ಕೇಳಿದರೆ ಅವರಿಗೆ ನಗು. ಗಂಡ ಹೆಂಡತಿ ಪ್ರೀತಿಯಲ್ಲಿ ಮಾತಾಡಿದರೂ ಜಗಳ ಆಡಿದ ಹಾಗೆ ಕೇಳುತ್ತದೆ ಅನ್ನುತ್ತಿದ್ದರು. ಅರ್ಧ ದಿನ ನಾವು ನಿಜವಾಗಿಯೂ ಜಗಳವನ್ನೇ ಆಡುತ್ತಿದ್ದೆವು, ಅದು ಬೇರೆ ಮಾತು.

ಅವರ ಹಾಲ್‌ನಲ್ಲಿ ಸೋಫಾ ಇರಲಿಲ್ಲ, ಟೀವಿ ಇರಲಿಲ್ಲ. ಗೋಡೆಯಿಂದ ಗೋಡೆಗೆ ಒಂದು ಉದ್ದನೆಯ ಮರದ ವಾದ್ಯ ನಿಂತಿತ್ತು. ಮೊದಲ ಸಲ ನೋಡಿದಾಗ "ಪಿಯಾನೋ ಚಂದ ಐತ್ರಿ" ಅಂದಿದ್ದೆ. ಪಿಯಾನೋ ಅಲ್ಲ, ಹಾರ್ಪ್ಸಿಕಾರ್ಡ್ ಅಂತ ಹೇಳಿ ಮುಚ್ಚಳ ಎತ್ತಿ ತೋರಿಸಿದರು. ಪಿಯಾನೋದಲ್ಲಿ ಸುತ್ತಿಗೆ ತಂತಿಯನ್ನು ಬಡಿಯುತ್ತದಂತೆ. ಇದರಲ್ಲಿ ಕೀಲಿ ಒತ್ತಿದರೆ ಒಳಗೊಂದು ತೆಳ್ಳನೆ ಕಡ್ಡಿ ಮೇಲೇಳುತ್ತದೆ, ಅದರ ತುದಿಗೆ ಉಗುರಿನ ಚೂರಿನಷ್ಟು ಒಂದು ಮೀಟು, ಅದು ತಂತಿಯನ್ನು ಮೀಟುತ್ತದೆ. ಹಿಂದೆ ಹಕ್ಕಿಯ ಗರಿಯ ದಂಟಿನಿಂದ ಮಾಡುತ್ತಿದ್ದರಂತೆ, ಈಗ ಪ್ಲಾಸ್ಟಿಕ್. ಸಿತಾರ್ ಇದ್ದಂಗ ಅಂದೆ. "ಹಾಂ, ಅದೇ. ನೀನು ಹುಷಾರಿದ್ದೀ" ಅಂದರು. ಆ ವಾದ್ಯ ಹೊರದೇಶದಿಂದ ಬಿಡಿ ಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿ ಬಂದಿತ್ತು. ಬೇಸಿಗೆ ರಜೆಗೆ ಕುವೈತ್‌ನ ಅರ್ಧ ಮಂದಿ ಊರಿಗೆ ಓಡುವಾಗ ಟೀಚರ್ ಇಲ್ಲೇ ಉಳಿದು, ಏಸಿ ಹಾಕಿಕೊಂಡು, ಒಂದೊಂದೇ ತಂತಿ ಬಿಗಿದು ಅದನ್ನು ಜೋಡಿಸಿದ್ದರು.

ಅವರ ಕಥೆ ನನಗೆ ಗೊತ್ತಾಗಿದ್ದು ತುಂಬ ನಿಧಾನಕ್ಕೆ, ಚಹಾದ ಮೇಲೆ ಚಹಾ ಕುಡಿದು. ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಹುಡುಗಿಯನ್ನು ಯಾರೋ ಪಾದ್ರಿಗಳು ಗುರುತಿಸಿ ಜರ್ಮನಿಗೆ ಕಳಿಸಿದ್ದರು. ಅಲ್ಲಿ ಹಾರ್ಪ್ಸಿಕಾರ್ಡ್ ಕಲಿತು, ಇಪ್ಪತ್ತೈದಕ್ಕೇ ಒಂದು ಗ್ರಾಮಫೋನ್ ರೆಕಾರ್ಡ್ ಕೊಟ್ಟರು. ಸೀರೆ ಉಟ್ಟ ಹುಡುಗಿಯ ಬೆರಳಿನ ವೇಗಕ್ಕೆ ಆ ದೇಶದವರು ಬೆರಗಾದರಂತೆ. ನಾನಾಗಿದ್ದರೆ ಆ ರೆಕಾರ್ಡಿಗೆ ಚೌಕಟ್ಟು ಹಾಕಿಸಿ ಬಾಗಿಲಿಗೇ ತೂಗುಹಾಕುತ್ತಿದ್ದೆ. ಟೀಚರಿಗೆ ಅದರ ಹೆಸರೆತ್ತಿದರೆ ಮುಖ ಬಾಡುತ್ತಿತ್ತು.

ಕಾರಣ ಇತ್ತು. ಆ ಕಾಲದ ಹಾರ್ಪ್ಸಿಕಾರ್ಡ್ ಅಂದರೆ ಒಳಗೆ ಕಬ್ಬಿಣದ ಚೌಕಟ್ಟು, ಕಾಲಿಗೆ ಪೆಡಲ್‌ಗಳು, ಲಾರಿಯ ತೂಕ. ನೂರು ವರ್ಷ ಯಾರೂ ಮುಟ್ಟದೆ ಬಿಟ್ಟಿದ್ದ ವಾದ್ಯವನ್ನು ಮತ್ತೆ ಎಬ್ಬಿಸಿದವರು ಅದನ್ನು ಪಿಯಾನೋದ ಹಾಗೇ ಗಟ್ಟಿಮುಟ್ಟಾಗಿ ಕಟ್ಟಿದ್ದರು. ಟೀಚರ್ ಅದರ ಮೇಲೆ ನುಡಿಸಿದ್ದರು. ಮುಂದೆ ಕೆಲವರು ಮ್ಯೂಸಿಯಮ್ಮಿನಲ್ಲಿದ್ದ ಹಳೇ ವಾದ್ಯಗಳ ಅಳತೆ ತೆಗೆದು, ಬರೀ ಮರದಲ್ಲಿ, ಹಗುರವಾಗಿ ಕಟ್ಟತೊಡಗಿದರು. ಆಗ ಅದರ ನಿಜವಾದ ದನಿ ಕೇಳಿತು, ನುಡಿಸುವ ರೀತಿಯೇ ಬದಲಾಯಿತು. ಟೀಚರ್ ರೆಕಾರ್ಡಿನಲ್ಲಿ ಒಂದು ರಚನೆ ಇತ್ತು. ಮುನ್ನೂರು ವರ್ಷದ ಹಿಂದೆ ಯಾರೋ ತೀರಿಕೊಂಡ ಗೆಳೆಯನಿಗಾಗಿ ಬರೆದದ್ದು. ಅದರಲ್ಲಿ ಸ್ವರಗಳನ್ನು ಮಾತ್ರ ಬರೆದಿದ್ದಾರೆ, ಯಾವ ಸ್ವರ ಎಷ್ಟು ಹೊತ್ತು ನಿಲ್ಲಬೇಕು ಅಂತ ಬರೆದಿಲ್ಲ. ನುಡಿಸುವವರ ಮನಸ್ಸಿಗೇ ಬಿಟ್ಟದ್ದು.

"ನಿಮ್ಮ ಕಡೆ ಆಲಾಪ ಅಂತ ಹೇಳ್ತೀರಲ್ಲ, ಹಾಗೆ ಮಾರಾಯ್ತಿ" ಅಂದಿದ್ದರು. "ನಂಗೆ ಆಗ ಇಪ್ಪತ್ತೈದು. ಬೇಗ ಬಾರಿಸಿದ್ರೆ ಬುದ್ಧಿವಂತೆ ಅಂತ ಎಣಿಸಿದ್ದೆ. ಸತ್ತವರ ಮನೆಯಲ್ಲಿ ಟೈಲರ್ ಮೆಷಿನ್ ಹೊಡೆದ ಹಾಗೆ ಬಾರಿಸಿದ್ದೇನೆ."

ಎಷ್ಟೋ ವರ್ಷಗಳ ನಂತರ ಅವರು ಯುರೋಪಿಗೆ ಒಂದು ತರಗತಿ ಕೇಳಲು ಹೋಗಿದ್ದರಂತೆ. ಅಲ್ಲಿ ಯುವಕನೊಬ್ಬ, ಈ ರಚನೆಯನ್ನು ಹೇಗೆ ನುಡಿಸಬಾರದು ಅಂತ ತೋರಿಸಲು ಒಂದು ರೆಕಾರ್ಡ್ ಹಾಕಿದ. ಟೀಚರದೇ. ಎಲ್ಲರೂ ನಕ್ಕರು. ಅವರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. ಟೀಚರೂ ಎಲ್ಲರ ಜೊತೆ ನಕ್ಕರಂತೆ. ಅದನ್ನು ನನಗೆ ಹೇಳುವಾಗ ಮಾತ್ರ ನಗಲಿಲ್ಲ.

ಅವರ ಆಸೆ ಒಂದೇ. ಆ ರಚನೆಯನ್ನು ತಾವು ಜೋಡಿಸಿದ ವಾದ್ಯದ ಮೇಲೆ ಇನ್ನೊಂದು ಸಲ, ಸರಿಯಾಗಿ, ರೆಕಾರ್ಡ್ ಮಾಡಬೇಕು. ಆ ವರ್ಷ ಶಾಲೆಯವರು ವಯಸ್ಸಾಯಿತೆಂದು ಬಿಡುಗಡೆ ಮಾಡಿದ್ದರು. ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಮುಗಿಯುವುದರೊಳಗೆ ಹೊರಡಬೇಕು. ಒಣ ಹವೆಯಲ್ಲಿ ಕಟ್ಟಿದ ಈ ಮರ ಮಂಗಳೂರಿನ ಮಳೆಗಾಲ ತಡೆಯುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಂದರೆ ಆಗಬೇಕಾದ್ದು ಇಲ್ಲೇ ಆಗಬೇಕು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಸಾಧ್ಯವಿರಲಿಲ್ಲ. ಲಿಫ್ಟಿನ ಸದ್ದು, ಏಸಿಯ ಗುಡುಗು, ಕಾರಿಡಾರಿನಲ್ಲಿ ಫುಟ್‌ಬಾಲ್ ಆಡುವ ಮಕ್ಕಳು. ಒಂದು ನಿಶ್ಶಬ್ದವಾದ ಹಾಲ್ ಬೇಕಿತ್ತು.

ಇಲ್ಲಿ ನನ್ನ ಗಂಡನ ಪ್ರವೇಶ. ಅವರಾಗ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ. ಯಾರಿಗಾದರೂ ಶಾಲು ಹೊದಿಸದಿದ್ದರೆ ಆ ವಾರ ಅವರಿಗೆ ಊಟ ಸೇರುತ್ತಿರಲಿಲ್ಲ. ರಾಜ್ಯೋತ್ಸವಕ್ಕೆ ಒಂದು ಶಾಲೆಯ ಹಾಲ್ ಹಿಡಿದಿದ್ದರು, ಒಳ್ಳೆಯ ಮೈಕುಗಳು, ರೆಕಾರ್ಡಿಂಗ್ ಗೊತ್ತಿದ್ದ ಕೇರಳದ ಒಬ್ಬ ಸೌಂಡ್ ಭಾಯಿ. ಟೀಚರ್ ಅಲ್ಲೇ ನುಡಿಸಲಿ, ಭಾಯಿ ರೆಕಾರ್ಡ್ ಮಾಡಲಿ ಅಂತ ಮಾತಾಯಿತು. ಟೀಚರ ಮುಖದಲ್ಲಿ ಅಂಥ ಸಂತೋಷ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಒಂದೇ ಷರತ್ತು ಹಾಕಿದರು. ಸನ್ಮಾನ ಗಿನ್ಮಾನ ಬೇಡ, ಹಳೇ ರೆಕಾರ್ಡಿನ ಸುದ್ದಿ ಬೇಡ, ನುಡಿಸಲು ಬಿಟ್ಟರೆ ಸಾಕು.

ಅಯ್ಯೋ, ನಮಗೆ "ಬೇಡ" ಅನ್ನುವ ಮಾತು ಎಲ್ಲಿ ತಿಳಿಯುತ್ತದೆ? ಊಟಕ್ಕೆ ಕೂತವರು ಬೇಡ ಬೇಡ ಅಂತ ಎಲೆಗೆ ಕೈ ಅಡ್ಡ ಹಿಡಿದರೆ ಕೈ ಸರಿಸಿ ಇನ್ನೊಂದು ಹೋಳಿಗೆ ಹಾಕುವ ಜನ ನಾವು. ಹಾಕದಿದ್ದರೆ ಅವರಿಗೆ ಬೇಜಾರು ಅಂತ ತಿಳಿದವರು. ಗಂಡ ಆಗಲೇ ಇಂಟರ್‌ನೆಟ್ಟಿನಲ್ಲಿ ಹುಡುಕಿ ಆ ಹಳೇ ರೆಕಾರ್ಡನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದರು. ಅದು ಅವರಿಗೆ ಸೇರೂದಿಲ್ಲ, ಹಾಕಬ್ಯಾಡ್ರಿ ಅಂತ ನಾನು ಹೇಳಿದೆ.

"ದೊಡ್ಡ ಮಂದಿ ಹಂಗ ಅಂತಾರ, ನಿನಗ ತಿಳಿಯೂದಿಲ್ಲ ಬಿಡು" ಅಂದರು. "ಹಂಗ ಬರಿಗೈಲೆ ಕಳಸಿದ್ರ ನಾವು ಮನಷ್ಯಾರೇನು?"

ನನಗೂ ಅದು ಸರಿ ಅನ್ನಿಸಿತು. ಸುಳ್ಳೇಕೆ ಹೇಳಲಿ? ಆರತಿ ತಟ್ಟೆಗೆ ನನ್ನ ಮದುವೆಯ ಬೆಳ್ಳಿ ತಟ್ಟೆಯನ್ನೇ ಹೊರಗೆ ತೆಗೆದೆ.

ಶುಕ್ರವಾರ ಬೆಳಿಗ್ಗೆ ಹಾಫ್ ಲಾರಿಯಲ್ಲಿ, ರಜಾಯಿ ಕಂಬಳಿ ಸುತ್ತಿ ವಾದ್ಯ ಹೋಯಿತು. ಟೀಚರ್ ಡ್ರೈವರ್ ಪಕ್ಕದಲ್ಲಿ ಕೂತು, ಪ್ರತಿ ಹಂಪ್ ಬಂದಾಗಲೂ ಅವನ ತೋಳು ಹಿಡಿಯುತ್ತಿದ್ದರಂತೆ. ಹಾಲ್‌ನಲ್ಲಿ ಇಳಿಸಿ, ಅದು ಅಲ್ಲಿಯ ತಂಪಿಗೆ ಒಗ್ಗಲಿ ಅಂತ ಕಾದು, ಆಮೇಲೆ ಮಧ್ಯಾಹ್ನದವರೆಗೂ ಒಂದೊಂದೇ ತಂತಿ ಶ್ರುತಿ ಮಾಡಿದರು. ಗಂಡಸರು ಊಟಕ್ಕೆ ಹೋಗಿದ್ದರು, ಸೌಂಡ್ ಭಾಯಿ ಮಸೀದಿಗೆ ಹೋಗಿ ಇನ್ನೂ ಬಂದಿರಲಿಲ್ಲ. ಹಾಲ್‌ನಲ್ಲಿ ನಾವಿಬ್ಬರೇ.

"ಒಮ್ಮೆ ಬಾರಿಸಿ ನೋಡ್ತೇನೆ, ಆಯ್ತಾ? ನೀನು ಇರು" ಅಂದರು.

ನಾನು ಇದ್ದೆ. ಹೌದು, ಇದ್ದೆ. ವೇದಿಕೆಯ ಕೆಳಗೆ ಆರತಿ ತಟ್ಟೆಗಳನ್ನು ಜೋಡಿಸುತ್ತ, ಕಿವಿಗೆ ಮೊಬೈಲ್ ಒತ್ತಿಕೊಂಡು ಇದ್ದೆ. ಮಹಬೂಲಾದಿಂದ ಬರಬೇಕಿದ್ದ ಹೋಳಿಗೆ ಹೊರಟಿರಲಿಲ್ಲ. ಮಾಡಿಕೊಡುತ್ತೇನೆಂದು ಒಪ್ಪಿದ್ದ ಹೆಂಗಸು ಗಾಡಿ ಸಿಕ್ಕಿಲ್ಲ ಅನ್ನುತ್ತಿದ್ದಳು. ಹೂರಣ ಹಳಸೀತು, ಬಿಸಿಲಲ್ಲಿ ಇಡಬ್ಯಾಡ, ತುಪ್ಪ ಬ್ಯಾರೆ ಡಬ್ಬಿಯಾಗ ಕಳಸು, ಅಂತ ದನಿ ತಗ್ಗಿಸಿ ಜಗಳ ಮಾಡುತ್ತಿದ್ದೆ. ಆ ಮಾತು ಅಕ್ಷರ ಅಕ್ಷರ ನೆನಪಿದೆ. ಹಿಂದೆ ಏನೋ ನಡೆಯುತ್ತಿತ್ತು, ಟಿಣ್ ಅಂತ ಒಂದು, ಆಮೇಲೆ... ಇಲ್ಲ. ಎಷ್ಟು ತಿಣುಕಿದರೂ ಅದರಾಚೆ ಏನೂ ಬರುವುದಿಲ್ಲ.

ಹಿಂದಿನ ಸದ್ದು ನಿಂತಿದೆ ಅಂತ ಗೊತ್ತಾಗಿ ತಿರುಗಿದೆ. ಟೀಚರ್ ಕೈ ಕೀಲಿಗಳ ಮೇಲೇ ಇತ್ತು. ಕೆನ್ನೆ ಒದ್ದೆಯಾಗಿತ್ತು.

"ಹೇಗಾಯ್ತು?" ಅಂದರು.

"ಭಾಳ ಛಲೋ ಆತ್ರಿ ಟೀಚರ್" ಅಂದೆ. ಫೋನ್ ಇನ್ನೂ ಕೈಯಲ್ಲಿತ್ತು. ಹೋಳಿಗೆಯವಳು ಹಲೋ ಹಲೋ ಅನ್ನುತ್ತಿದ್ದಳು.

ಇಷ್ಟು ವರ್ಷದಲ್ಲಿ ತಾನು ಅಂದುಕೊಂಡ ಹಾಗೆ ಬಂದದ್ದು ಇದೇ ಮೊದಲು, ಸಂಜೆಯೂ ಹೀಗೇ ಬಂದರೆ ಸಾಕು ಅಂದರು. ಅಷ್ಟರಲ್ಲಿ ಭಾಯಿ ಕೈ ಒರೆಸುತ್ತ ಬಂದ. ಟೀಚರ್ ಆಸೆಯಿಂದ, ಮೆಷಿನ್ ಆನ್ ಇತ್ತಾ ಅಂತ ಕೇಳಿದರು. ಇಲ್ಲ ಅಂದ. ಪರವಾಗಿಲ್ಲ, ಸಂಜೆ ಉಂಟಲ್ಲ ಅಂತ ಸೆರಗಿನಿಂದ ಮುಖ ಒರೆಸಿಕೊಂಡರು.

ಸಂಜೆ ಎಂದಿನಂತೆ ತಡವಾಯಿತು. ಮುಖ್ಯ ಅತಿಥಿ ಬರುವುದು ತಡ, ಬಂದ ಮೇಲೆ ಭಾಷಣ, ಮಕ್ಕಳ ಡಾನ್ಸ್, ಮತ್ತೆ ಭಾಷಣ. ಬಾಗಿಲು ತೆರೆದೇ ಇತ್ತು, ಹೊರಗಿನ ಗಾಳಿ ಒಳಗೆ ಬರುತ್ತಿತ್ತು. ಟೀಚರ್ ವೇದಿಕೆಯ ಬದಿಯಲ್ಲಿ ನಿಂತು, ಶ್ರುತಿ ಕೆಟ್ಟೀತೆಂದು ಪದೇ ಪದೇ ಬಾಗಿಲ ಕಡೆ ನೋಡುತ್ತಿದ್ದರು. ಅವರ ಹೆಸರು ಕರೆದು, ಅವರು ವಾದ್ಯದ ಮುಂದೆ ಕೂತ ಕೂಡಲೇ ನನ್ನ ಗಂಡ ಮೈಕ್ ಹಿಡಿದು, ನುಡಿಸುವ ಮೊದಲು ಈ ತಾಯಿಗೆ ನಮ್ಮದೊಂದು ಸಣ್ಣ ಸನ್ಮಾನ ಅಂದರು. ಚಪ್ಪಾಳೆ. ಪೇಟ ಬಂತು, ಶಾಲು ಬಂತು, ಹಾರ ಬಂತು, ಫಲತಾಂಬೂಲ ಬಂತು. ಸ್ಪೀಕರಿನಲ್ಲಿ ನಾದಸ್ವರ ಕಿವಿ ಕಿತ್ತುಹೋಗುವಂತೆ. ಆಮೇಲೆ ಐದು ಮುತ್ತೈದೆಯರು ಆರತಿಗೆ. ಇಳಕಲ್ ಸೀರೆ ಉಟ್ಟು ಎಲ್ಲರಿಗಿಂತ ಮುಂದೆ ನಾನು.

ಮೊದಲ ಸಲ ವೇದಿಕೆಗೆ ಬಂದ ವಾದ್ಯ. ನಮ್ಮ ಮನೆಗಳಲ್ಲಿ ತಂಬೂರಿಗೂ ತಬಲಾಕ್ಕೂ ಪೂಜೆ ಮಾಡಿಯೇ ಕೈ ಹಚ್ಚುತ್ತೇವೆ. ನಾನು ಟೀಚರಿಗೆ ಆರತಿ ಎತ್ತಿ, ವಾದ್ಯದ ಮರಕ್ಕೆ ಕುಂಕುಮ ಹಚ್ಚಿ, ತೆರೆದ ಮುಚ್ಚಳದೊಳಗೆ ತಂತಿಗಳ ಮೇಲೆ ಹಿಡಿ ಅಕ್ಷತೆ ಹಾಕಿದೆ. ಭಕ್ತಿಯಿಂದಲೇ ಹಾಕಿದೆ. ಹಿಂದಿದ್ದ ನಾಲ್ವರೂ ಹಾಕಿದರು. ಯಾರೋ ಗುಲಾಬಿ ಪಕಳೆ ಸುರಿದರು. ಟೀಚರ್ ಅರ್ಧ ಎದ್ದು ಎರಡೂ ಕೈ ಅಡ್ಡ ಹಿಡಿದು ಬೇಡ ಬೇಡ ಅಂದರು. ನಾದಸ್ವರದಲ್ಲಿ ದನಿ ಕೇಳಲಿಲ್ಲ, ತುಟಿ ಕಾಣಿಸಿತು. ಎಂಥಾ ವಿನಯ ಅಂದುಕೊಂಡು ನಾನು ಇನ್ನೊಂದು ಹಿಡಿ ಹಾಕಿದೆ.

ಅವರು ಶುರು ಮಾಡಿದರು. ಒಂದು ಸ್ವರ ಬಂತು, ಮುಂದಿನದು ಬರಲಿಲ್ಲ. ಇನ್ನೊಂದು ಜರ್ರ್ ಅಂತ ನಡುಗಿತು. ನಿಲ್ಲಿಸಿ ಮೊದಲಿಂದ ಹಿಡಿದರು. ಕಡ್ಡಿಗಳ ಸಂದಿಯಲ್ಲಿ ಅಕ್ಕಿ ಕೂತಿತ್ತು, ಎದ್ದದ್ದು ಇಳಿಯುತ್ತಿರಲಿಲ್ಲ. ಗಟ್ಟಿಯಾಗಿ ಒತ್ತಿದಾಗ ಒಳಗೆ ಏನೋ ಚಟ್ ಅಂದಿತು. ಟೀಚರ್ ಪೇಟ ತೆಗೆದು ಪಕ್ಕಕ್ಕಿಟ್ಟು, ವಾದ್ಯದೊಳಗೆ ಬಗ್ಗಿ, ಆ ಉದ್ದ ಬೆರಳುಗಳಿಂದ ಅರಿಶಿನದ ಅಕ್ಕಿ ಹೆಕ್ಕತೊಡಗಿದರು. ಜನ ಪಾಪ ಅಂತ ಚಪ್ಪಾಳೆ ತಟ್ಟಿ ಹುರಿದುಂಬಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೈಯಲ್ಲಿ ಇನ್ನೂ ತಟ್ಟೆ ಇತ್ತು, ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಹೇಗಾದರೂ ಮಾನ ಉಳಿಸಬೇಕೆಂದು ನನ್ನ ಗಂಡ ಭಾಯಿಗೆ ಸನ್ನೆ ಮಾಡಿದರು. ಸ್ಪೀಕರಿನಿಂದ ಆ ಹಳೇ ರೆಕಾರ್ಡ್ ಹೊರಟಿತು. ಅದೇ ರಚನೆ, ಇಪ್ಪತ್ತೈದರ ಹುಡುಗಿಯ ಕೈ, ಪಟಪಟಪಟ ಅಂತ. ಇವರೇ ನುಡಿಸಿದ್ದು, ಜರ್ಮನಿಯಲ್ಲಿ, ಅಂತ ಮೈಕಿನಲ್ಲಿ ಘೋಷಣೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಸೀಟಿ ಹಾಕಿದರು. ಟೀಚರ್ ಅಕ್ಕಿ ಹೆಕ್ಕುವುದನ್ನು ಬಿಟ್ಟು, ಶಾಲನ್ನು ಮೈತುಂಬ ಎಳೆದುಕೊಂಡು, ಅದು ಮುಗಿಯುವವರೆಗೆ ತಲೆ ತಗ್ಗಿಸಿ ಕೂತಿದ್ದರು.

ವಾದ್ಯವನ್ನು ಮತ್ತೆ ಲಾರಿಗೆ ಹತ್ತಿಸುವಾಗ ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಎತ್ತಿ ನಿಲ್ಲಿಸಿದರು. ಬೈದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ.

"ಪರವಾಗಿಲ್ಲ ಮಾರಾಯ್ತಿ" ಅಂದರು. "ಮಧ್ಯಾಹ್ನ ಬಂತಲ್ಲ. ನೀನು ಕೇಳಿದ್ದೀಯಲ್ಲ. ಒಬ್ಬರಾದ್ರೂ ಕೇಳಿದ್ರಲ್ಲ, ನಂಗೆ ಅಷ್ಟು ಸಾಕು."

ನಾನು ತಲೆಯಾಡಿಸಿದೆ.

ನನ್ನ ಗಂಡನ ಬಗ್ಗೆ ಒಂದು ಮಾತು ಹೇಳಲೇಬೇಕು. ಮರುದಿನ ಅವರು ನನ್ನ ಹುಬ್ಬಿನ ಚಿಮಟ ಹಿಡಿದುಕೊಂಡು ಎದುರು ಮನೆಗೆ ಹೋದರು. ಇಡೀ ದಿನ ಟೀಚರ ಪಕ್ಕ ನೆಲದ ಮೇಲೆ ಕೂತು ಕಡ್ಡಿ ಕಡ್ಡಿ ತೆಗೆದು ಅಕ್ಕಿ ಹೆಕ್ಕಿದರು. ತಪ್ಪಾತ್ರಿ ಅಂದರಂತೆ, ಕಣ್ಣಲ್ಲಿ ನೀರು ಹಾಕಿಕೊಂಡರಂತೆ. ಆದರೆ ಎಷ್ಟೋ ಮೀಟುಗಳು ಮುರಿದಿದ್ದವು. ಹೊಸವು ಹೊರದೇಶದಿಂದ ಬರಬೇಕು, ಬಂದ ಮೇಲೆ ಒಂದೊಂದನ್ನೂ ಕೆತ್ತಿ ಕೂರಿಸಬೇಕು. ಅವು ಬರುವ ಮೊದಲೇ ಇಕಾಮಾ ಮುಗಿಯಿತು. ಖಲಾಸ್. ವಾದ್ಯ ಕಾರ್ಗೋದಲ್ಲಿ ಹೋಯಿತು, ಟೀಚರ್ ವಿಮಾನದಲ್ಲಿ ಹೋದರು. ಎರಡನೇ ಮಳೆಗಾಲಕ್ಕೆ ಅದರ ಹಲಗೆ ಉದ್ದಕ್ಕೆ ಸೀಳಿತು ಅಂತ ಫೋನಿನಲ್ಲಿ ಹೇಳಿದರು. ಹೇಳಿ, ನಿನ್ನ ಮಗಳು ಮಾತಾಡ್ತಾಳಾ ಈಗ ಅಂತ ಕೇಳಿದರು. ವರ್ಷಕ್ಕೊಮ್ಮೆ ಕ್ರಿಸ್ಮಸ್‌ಗೆ ಮಾತಾಡುತ್ತಿದ್ದೆವು. ಆಮೇಲೆ ಅದೂ... ನಾನೇ ಕಡಿಮೆ ಮಾಡಿದೆ. ಪ್ರತಿ ಸಲವೂ ಅವರು ಆ ಮಧ್ಯಾಹ್ನದ ಮಾತು ಎತ್ತುತ್ತಿದ್ದರು.

ಕಳೆದ ವರ್ಷ ತೀರಿಕೊಂಡರು. ಈಗ ಗಾಳಿ ಮತ್ತೆ ತಿರುಗಿದೆಯಂತೆ. ಆ ಕಬ್ಬಿಣದ ಹಾರ್ಪ್ಸಿಕಾರ್ಡಿನ ಅಬ್ಬರವೇ ಚಂದ ಅನ್ನುವ ಹುಡುಗರು ಹುಟ್ಟಿದ್ದಾರೆ. ಟೀಚರ ಹಳೇ ರೆಕಾರ್ಡನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ಹುಡುಕಿ ಕೇಳುತ್ತಾರೆ, ಬೆಂಕಿ ಅಂತ ಬರೆಯುತ್ತಾರೆ. ಯುರೋಪಿನ ಯಾರೋ ಅದನ್ನು ಮತ್ತೆ ಹೊರತರುತ್ತಿದ್ದಾರೆ. ಇದನ್ನೆಲ್ಲ ನನಗೆ ಹೇಳಿದ್ದು ಟೀಚರ ತಂಗಿಯ ಮಗ. ಸೀಮಂತದ ಮರುದಿನ ಮಂಗಳೂರಿನಿಂದ ಫೋನ್ ಮಾಡಿದ್ದ. ಹೊರತರುವವರು ಅವರ ಬಗ್ಗೆ ನಾಲ್ಕು ಮಾತು ಕೇಳಿದ್ದಾರೆ, ದೊಡ್ಡಮ್ಮ ಸಾಯುವವರೆಗೂ ಒಂದೇ ಮಾತು ಹೇಳುತ್ತಿದ್ದರು, ಕುವೈತ್‌ನಲ್ಲಿ ಒಮ್ಮೆ ಸರಿಯಾಗಿ ಬಾರಿಸಿದ್ದೇನೆ, ಎದುರು ಮನೆಯವಳು ಕೇಳಿದ್ದಾಳೆ ಅಂತ. ಅದು ಹೇಗಿತ್ತು ಅಂತ ನೀವು ಹೇಳಿದರೆ ಬರೆದುಕೊಳ್ಳುತ್ತೇನೆ ಅಂದ. ಮೆಲ್ಲಗೆ ನುಡಿಸಿದ್ದರಾ? ನಡುವೆ ತುಂಬ ನಿಲ್ಲಿಸುತ್ತಿದ್ದರಾ? ಕೊನೆ ಹೇಗೆ ಮುಗಿಸಿದರು?

ತುಂಬ ಚೆನ್ನಾಗಿತ್ತು ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅವನು ಪೆನ್ನು ಹಿಡಿದು ಕಾಯುತ್ತಿದ್ದಾನೆ ಅಂತ ಗೊತ್ತಾಗುತ್ತಿತ್ತು. ಬಾಯಿ ಬರಲಿಲ್ಲ. ಅಲ್ಲಿದ್ದೆನಪ್ಪಾ, ಆದರೆ ಫೋನಿನಲ್ಲಿ ಹೋಳಿಗೆಯ ಮಾತಾಡುತ್ತಿದ್ದೆ, ಅವರು ನುಡಿಸಿದ್ದು ನನ್ನ ಕಿವಿಗೆ ಬೀಳಲಿಲ್ಲ ಅಂದೆ.

"ಹಾಗಾದ್ರೆ ಅಕ್ಕಾ" ಅಂದ, "ಅದನ್ನು ಯಾರೂ ಕೇಳ್ಲೇ ಇಲ್ಲ ಅಂತ ಆಯ್ತು."

ಹೌದು, ಯಾರೂ ಕೇಳಲಿಲ್ಲ ಅಂದೆ.